ಅಂಗಡಿಯೊಳಗೆ ಅತ್ತೆ ಬರೆದ ಮೆಟ್ಟಿಲು

ಕಲ್ಲು ಕೊಯ್ಯುವ ಯಂತ್ರದ ಹಲ್ಲಿಗೆ ನೀರು ಬಿಟ್ಟಾಗ ಒಂದು ವಾಸನೆ ಏಳುತ್ತದೆ. ಮೊದಲ ಮಳೆ ಬಿದ್ದ ಎರೆ ಹೊಲದ ವಾಸನೆ ಎಂದುಕೊಂಡು ಆಸೆಯಿಂದ ಉಸಿರೆಳೆದರೆ, ನಡುವೆ ಸುಟ್ಟ ಕಬ್ಬಿಣದ ಘಾಟು ಹೊಡೆದು ಕೆಮ್ಮು ಬರುತ್ತದೆ. ಹೋದ ವಾರ ಗಜೇಂದ್ರಗಡದ ಗ್ರಾನೈಟ್ ಅಂಗಡಿಯೊಂದರ ಹಿತ್ತಿಲಲ್ಲಿ ನಾನು ಹಾಗೆ ಕೆಮ್ಮುತ್ತ ನಿಂತಿದ್ದೆ. ಮಗ ರೋಣದಲ್ಲಿ ಮನೆ ಕಟ್ಟಿಸುತ್ತಿದ್ದಾನೆ. ಬಾಗಿಲು, ಬಣ್ಣ, ನಲ್ಲಿ ಎಲ್ಲವನ್ನೂ ಅವನೂ ಸೊಸೆಯೂ ಆರಿಸಿದರು. ಮೆಟ್ಟಿಲಿನ ಕಲ್ಲು ಮಾತ್ರ ನನ್ನ ಪಾಲಿಗೆ ಬಂತು. ಬಂತು ಏನು, ನಾನೇ ಹಟ ಹಿಡಿದು ತೆಗೆದುಕೊಂಡೆ.

ಅಂಗಡಿಯಾತ ಮುಖ ಕಾಣುವಷ್ಟು ಹೊಳೆಯುವ ಕರಿ ಹಾಸುಗಲ್ಲೊಂದನ್ನು ನೆಲಕ್ಕೆ ಹಾಕಿ, “ಎಲ್ಲಾರೂ ಇದನ್ನ ಒಯ್ಯಾಕತ್ಯಾರ್ರಿ ಅವ್ವಾರ. ಅಳತಿ ಹೇಳಿದ್ರ ಸಂಜಿಕ ಕೊಯ್ದು ಇಡ್ತೀನ್ರಿ” ಎಂದ. ನಾನು ಚಪ್ಪಲಿ ಕಳಚಿ ಬರಿಗಾಲನ್ನು ಆ ಕಲ್ಲಿನ ಮೇಲಿಟ್ಟೆ. ಹಿಮ್ಮಡಿಯನ್ನು ಹಿಂದಿನ ಅಂಚಿಗೆ ಹೊಂದಿಸಿ, ಹೆಬ್ಬೆರಳಿನ ಮುಂದೆ ಎಷ್ಟು ಉಳಿಯಿತೆಂದು ಬಗ್ಗಿ ನೋಡಿದೆ. ಆತ ಒಮ್ಮೆ ನನ್ನನ್ನು, ಒಮ್ಮೆ ನನ್ನ ಕಾಲನ್ನು ನೋಡಿದ. ಅಳತೆಪಟ್ಟಿ ಅವನ ಕೈಯಲ್ಲೇ ಇತ್ತು, ಪಾಪ. ಈ ಚಾಳಿ ನನಗೆ ಹತ್ತಿಸಿದವರು ನನ್ನ ಗಂಡನ ತಾಯಿ, ನನ್ನ ಅತ್ತೆ. ಅವರು ಹೋಗಿ ಬಹಳ ವರ್ಷಗಳಾದವು. ಕಲ್ಲು ಕಾಲಿಗೆ ತಣ್ಣಗೆ ತಗಲಿದ್ದೇ ತಡ, ಅವರ ಧ್ವನಿ ಕಿವಿಯ ಹತ್ತಿರವೇ ಕೇಳಿಸಿದಂತಾಯಿತು...

ನಾನು ಜಕ್ಕಲಿಯವಳು. ಮದುವೆಯಾಗಿ ಬಂದದ್ದು ನರಗುಂದದ ಪೇಟೆಯೊಳಗಿನ ಮನೆಗೆ. ಮುಂದೆ ಕಾಳುಕಡಿಯ ಅಂಗಡಿ, ಹಿಂದೆ ಅಡಿಗೆಮನೆ, ಮೇಲೆ ಒಂದೇ ಒಂದು ಕೋಣೆ ಮತ್ತು ಮಾಳಿಗೆ. ಆ ಕೋಣೆ ನನಗೂ ನನ್ನ ಗಂಡನಿಗೂ. ಅಲ್ಲಿಗೆ ಹೋಗಲು ಅಂಗಡಿಯ ಹಿಂಗೋಡೆಗೆ ಆನಿಸಿದ ಮರದ ಮೆಟ್ಟಿಲು. ಮೆಟ್ಟಿಲು ಎಂದು ಮರ್ಯಾದೆಗೆ ಅನ್ನಬೇಕಷ್ಟೆ, ಏಣಿಗೆ ಹಲಗೆ ಬಡಿದಿದ್ದರು. ಓರೆಯಾಗಿ ಇಳಿಸಿದರೆ ಅಂಗಡಿಯ ಜಾಗ ತಿನ್ನುತ್ತದೆಂದು ಯಾವುದೋ ಕಾಲದ ಹಿರಿಯರು ಅದನ್ನು ನೆಟ್ಟಗೆ ನಿಲ್ಲಿಸಿದ್ದರು. ಕಾಲಿಟ್ಟರೆ ಬೆರಳಷ್ಟೇ ಹಲಗೆಯ ಮೇಲೆ, ಹಿಮ್ಮಡಿ ಗಾಳಿಯಲ್ಲಿ.

ಅತ್ತೆ ಎತ್ತರದ ಹೆಂಗಸು. ಧ್ವನಿ ಅದಕ್ಕಿಂತ ಎತ್ತರ. ಮನೆಯಲ್ಲಿ ಅವರ ಮಾತಿಲ್ಲದೆ ಒಲೆ ಹೊತ್ತುತ್ತಿರಲಿಲ್ಲ. ಆದರೆ ಅವರು ಎಂದೂ ಮೇಲೆ ಹತ್ತುತ್ತಿರಲಿಲ್ಲ. ಮಾಳಿಗೆಯ ಮೇಲೆ ಸಂಡಿಗೆ ಒಣಹಾಕಿದರೆ ಕೆಳಗೆ ನಿಂತೇ ಆಳುತ್ತಿದ್ದರು: “ಏ, ಕಾಗಿ ಬಂತ ನೋಡು! ಆ ಕಡೀದು ಹೊಳ್ಳಿ ಹಾಕು!” ಕಾಣದ ಕಾಗೆ ಅವರಿಗೆ ಹೇಗೆ ಕಾಣುತ್ತಿತ್ತೋ ದೇವರೇ ಬಲ್ಲ. ಮೈಭಾರಕ್ಕೆ ಹತ್ತುವುದಿಲ್ಲವೇನೋ ಎಂದುಕೊಂಡು ನಾನು ಒಳಗೊಳಗೇ ನಗುತ್ತಿದ್ದೆ.

ನಗು ಬಾರದ ಸಂಗತಿಯೊಂದಿತ್ತು. ನಾನು ಮೆಟ್ಟಿಲಿಗೆ ಕಾಲಿಟ್ಟರೆ ಸಾಕು, ಅವರು ಎಲ್ಲಿದ್ದರೂ ಬಂದು ಕೆಳಗೆ ನಿಲ್ಲುತ್ತಿದ್ದರು. ಕೈಯಲ್ಲಿ ಹಿಟ್ಟಿದ್ದರೆ ಹಿಟ್ಟಿನ ಕೈಯಲ್ಲೇ. ಕಣ್ಣು ನನ್ನ ಹಿಮ್ಮಡಿಯ ಮೇಲೆ. ಹೊಸದಾಗಿ ಮದುವೆಯಾದವಳು ಮೇಲಿನ ಕೋಣೆಗೆ ಹೋಗುವುದನ್ನು ಅತ್ತೆಯಾದವಳು ಕೆಳಗೆ ನಿಂತು ನೋಡುತ್ತಿದ್ದರೆ ಹೇಗಿರುತ್ತದೆ, ನೀವೇ ಹೇಳಿ. ನಾಚಿಕೆಗೆ ನನ್ನ ಕಾಲು ಇನ್ನಷ್ಟು ತಡವರಿಸುತ್ತಿದ್ದವು. ಅವರು ಕೆಳಗಿನಿಂದ, “ನಿಧಾನಕ್ಕ ಯವ್ವಾ, ಅಲ್ಲೇನ ಬಸ್ ಹೊಂಟಿಲ್ಲ” ಅನ್ನುತ್ತಿದ್ದರು. ಅದನ್ನು ಕೇಳಿ ಅಂಗಡಿಯ ಹಮಾಲರು ನಗುತ್ತಿದ್ದರು!

ನಾನು ಬಸುರಿ ಎಂದು ಗೊತ್ತಾದ ದಿನ ಅತ್ತೆ ಸಿಹಿ ಮಾಡುವ ಮೊದಲು ಅಂಗಡಿಗೆ ಹೋಗಿ ಮಾವನವರ ಎದುರು ನಿಂತರು. “ಆ ಏಣಿ ಕೀಳಸ್ರಿ. ಕಲ್ಲಿನ ಪಾವಟಿಗಿ ಮಾಡಸ್ರಿ. ಹುಡುಗಿ ಹಡದು ಕೂಸಿನ್ನ ಎತ್ತಿಕೊಂಡು ಬರೂದರಾಗ ಆಗಬೇಕು.” ಮಾವ ಹೂಂ ಅಂದರು. ಮೆಟ್ಟಿಲು ಕಟ್ಟುವ ಗೌಂಡಿಯನ್ನೂ ಕರೆಸಿದರು. ಗೌಂಡಿ ಗೋಡೆಯ ಮೇಲೆ ಸುಣ್ಣದ ದಾರ ಹೊಡೆದು ಗೆರೆ ಎಳೆದ. ನೋಡಿದರೆ ಅದೂ ಹಳೆಯ ಏಣಿಯ ಹಾಗೇ ನೆಟ್ಟಗೆ, ಕಲ್ಲಿನದು ಅನ್ನುವುದೊಂದೇ ಬದಲು. ಅತ್ತೆ ಒಪ್ಪಲಿಲ್ಲ. ಇಳಿಜಾರು ಮಾಡಿದರೆ ಕೊನೆಯ ಮೆಟ್ಟಿಲು ಕಾಳಿನ ಚೀಲ ಒಟ್ಟುವ ಮೂಲೆಗೆ ಬರುತ್ತದೆ ಎಂದು ಗೌಂಡಿ ಹೇಳಿದ. ಮಾವನಿಗೆ ಸಿಟ್ಟು ಬಂತು.

“ಇದು ಪ್ಯಾಟ್ಯಾಗಿನ ಅಂಗಡಿನೋ, ಮದವಿ ಮಂಟಪನೋ? ಚೀಲ ಏನ ನನ್ನ ತಲಿಮ್ಯಾಲ ಇಟಗೊಳ್ಳಲೇನು?”

ಅತ್ತೆ ಮರುದಿನದಿಂದ ನನ್ನನ್ನು ಕಟ್ಟಿಕೊಂಡು ಮೆಟ್ಟಿಲು ನೋಡಲು ಹೊರಟರು. ಕನ್ಯೆ ನೋಡಲು ಹೋಗುವವರನ್ನು ಕಂಡಿದ್ದೆ, ಎತ್ತು ನೋಡಲು ಹೋಗುವವರನ್ನು ಕಂಡಿದ್ದೆ. ಮೆಟ್ಟಿಲು ನೋಡಲು ಹೊರಟವರನ್ನು ಕಂಡದ್ದು ಅದೇ ಮೊದಲು. ಜೊತೆಗೆ ಹಳೆಯ ಸೀರೆಯೊಂದನ್ನು ಸುತ್ತಿ ಕಟ್ಟಿದ ಗಂಟು. ಕೂಸಿನಷ್ಟೇ ಗಾತ್ರ. ಯಾರ ಮನೆಗೆ ಹೋದರೂ ಅದನ್ನು ನನ್ನ ಎದೆಗೆ ಒತ್ತಿ ಹಿಡಿಸಿ, “ಈಗ ಏರು, ಆಮ್ಯಾಲ ಇಳಿ. ಕೆಳಗ ನೋಡಬ್ಯಾಡ” ಎನ್ನುತ್ತಿದ್ದರು. ಹಿಂದೆ ಬಗ್ಗಿ ನನ್ನ ಪಾದ ನೋಡುತ್ತ ನಿಲ್ಲುತ್ತಿದ್ದರು. ತಾವು ಮಾತ್ರ ಒಂದು ಮೆಟ್ಟಿಲೂ ಹತ್ತುತ್ತಿರಲಿಲ್ಲ.

ಮೊದಲು ನರಗುಂದದಲ್ಲೇ ಒಬ್ಬ ಜಮೀನುದಾರರ ವಾಡೆ. ಗೋಡೆಯ ದಪ್ಪದೊಳಗೇ ಅಡಗಿಸಿದ ಕಲ್ಲಿನ ಮೆಟ್ಟಿಲು. ಕಾಲಿಡುವ ಹಾಸು ಅಗಲವಿತ್ತು, ಆದರೆ ಒಂದೊಂದೂ ಮೊಣಕಾಲೆತ್ತರ. ನಡುವೆ ಸವೆದು ತಗ್ಗಾಗಿತ್ತು. ಗಂಟು ಹಿಡಿದು ಹತ್ತುವಷ್ಟರಲ್ಲಿ ನನಗೆ ತೇಕು ಬಂತು. “ಇದು ಕುದರಿ ಇಳಿದು ಬರೋ ಗಂಡಸರಿಗೆ ಕಟ್ಟಿದ್ದು” ಎಂದು ಅತ್ತೆ ಹೊರಬಿದ್ದರು. ಆಮೇಲೆ ಗಜೇಂದ್ರಗಡದಲ್ಲಿ ಅವರ ತಮ್ಮನ ಮನೆ. ಅಲ್ಲಿ ಸಾಗವಾನಿ ಮೆಟ್ಟಿಲು, ಹಿಂದೆ ಮುಚ್ಚಿಗೆಯಿಲ್ಲದ ಬರೀ ಹಲಗೆ. ಹತ್ತುವಾಗ ಬೆರಳು ಆ ಕಡೆಗೆ ತೂರಿಕೊಳ್ಳುವುದರಿಂದ ಸುಖ. ಇಳಿಯುವಾಗ ಹಿಮ್ಮಡಿಗೆ ಜಾಗ ಸಾಲದೆ ನಾನು ಅಡ್ಡಗಾಲು ಹಾಕಿಕೊಂಡು ಬಂದೆ. ಏರುವುದನ್ನು ನೋಡಿ ಮೆಟ್ಟಿಲು ಮೆಚ್ಚಬಾರದು, ಇಳಿಯುವ ಕಾಲನ್ನು ನೋಡಬೇಕು ಎಂದು ನನಗೆ ಗೊತ್ತಾದದ್ದು ಅಂದು.

ರೋಣದಲ್ಲಿ ನೆಂಟರೊಬ್ಬರ ಹೊಸ ಮನೆಯಿತ್ತು. ಮೊಸಾಯಿಕ್ ಮೆಟ್ಟಿಲು, ಮೂಲೆಯಲ್ಲಿ ತಿರುವು. ಆ ಮನೆಯಾಕೆ ಬಹಳ ಹೆಮ್ಮೆಯಿಂದ ತೋರಿಸಿದರು, ಮಿರ್ಚಿ ಭಜಿ ಕರಿದು ಚಹಾ ಕೊಟ್ಟರು. ತಿರುವಿನ ಮೆಟ್ಟಿಲುಗಳು ಮೂರು ಮೂಲೆಯವು, ಹೊರಗಡೆ ಮೊರದಷ್ಟು ಅಗಲ, ಒಳಗಡೆ ಚೂಪು. ಅತ್ತೆ ನನ್ನನ್ನು ಒಳಬದಿಯಿಂದಲೇ ಇಳಿಯಲು ಹೇಳಿದರು. “ಅಗಲ ಇದ್ದಲ್ಲೆ ಎಲ್ಲಾರೂ ಅಳೀತಾರ. ಕೂಸು ಅಳಾಕತ್ತಿದಾಗ ಓಡಿ ಬರೋ ಕಾಲು ಬೀಳೂದು ಇಲ್ಲೆ, ಈ ಸಂದ್ಯಾಗ.” ನನ್ನ ಹಿಮ್ಮಡಿ ಅಲ್ಲಿ ಜಾರಿತು. ಕಟಕಟೆ ಹಿಡಿದು ನಿಂತೆ. ಗಂಟು ಕೈತಪ್ಪಿ ಉರುಳುತ್ತ ಅತ್ತೆಯ ಕಾಲಬಳಿ ಹೋಗಿ ಬಿತ್ತು. ಮನೆಯಾಕೆ ಬಿದ್ದುಬಿದ್ದು ನಕ್ಕರು. ನಾನೂ ನಕ್ಕೆ. ಅತ್ತೆ ಆ ಗಂಟನ್ನು ಎತ್ತಿ, ಧೂಳು ಜಾಡಿಸಿ, ತಾವೇ ಎದೆಗೆ ಹಿಡಿದುಕೊಂಡರು. ನಗಲಿಲ್ಲ.

ನರಗುಂದಕ್ಕೆ ಮರಳುವ ಬಸ್ಸಿನಲ್ಲಿ ನಾನೇ ಕೇಳಿದೆ, ಅತ್ತೀ, ಇದೆಲ್ಲ ಯಾಕ್ರಿ ಎಂದು. ಅವರು ಕಿಡಕಿಯ ಹೊರಗೆ ನೋಡುತ್ತಲೇ ಹೇಳಿದರು. ನನ್ನ ಗಂಡ ಆಗಿನ್ನೂ ಎತ್ತಿಕೊಳ್ಳುವ ಕೂಸು. ಅತ್ತೆಯ ಹೊಟ್ಟೆಯಲ್ಲಿ ಎರಡನೆಯದು ಬೆಳೆಯುತ್ತಿತ್ತು. ಮಗನನ್ನು ಎತ್ತಿಕೊಂಡು ಆ ಮರದ ಮೆಟ್ಟಿಲು ಇಳಿಯುತ್ತಿದ್ದಾಗ ಹಿಮ್ಮಡಿ ಜಾರಿತು.

“ಕೈಯಾಗಿನ ಕೂಸಿನ್ನ ಬಿಡಲಿಲ್ಲ ನೋಡವ್ವಾ. ಅದಕ್ಕ ಒಂದು ತರಚು ಸೈತ ಆಗಲಿಲ್ಲ. ಹೊಟ್ಟ್ಯಾಗಿಂದು... ಹೆಣ್ಣು ಇತ್ತಂತ, ಸೂಲಗಿತ್ತಿ ಅಂದ್ಲು.” ಕಿಡಕಿಯ ಸರಳು ಹಿಡಿದುಕೊಂಡು, “ಆವತ್ತಿನಿಂದ ಪಾವಟಿಗಿ ಕಂಡ್ರ ಎದಿ ಹೊಡಕೊಂತೈತಿ. ಕಾಲು ಏಳಂಗೇ ಇಲ್ಲ” ಎಂದರು. ಆಮೇಲೆ ಅವರಿಗೆ ಬೇರೆ ಮಕ್ಕಳಾಗಲಿಲ್ಲ. ಅದು ನನಗೆ ಗೊತ್ತಿತ್ತು, ಯಾಕೆಂದು ಗೊತ್ತಿರಲಿಲ್ಲ. ನಾನು ಅವರ ಕೈ ಹಿಡಿದುಕೊಂಡೆ. ಅವರು ಕೈ ಬಿಡಿಸಿಕೊಂಡು ಸೆರಗಿನ ತುದಿಯಿಂದ ಹುರಿಗಡಲೆ ತೆಗೆದು, “ತಿನ್ನು, ಹಸಗೊಂಡು ಕುಂದರಬಾರದು” ಎಂದರು.

ಮಾರನೆಯ ಬೆಳಗ್ಗೆ ಅಂಗಡಿ ತೆರೆಯುವ ಮೊದಲೇ ಅತ್ತೆ ರಂಗೋಲಿ ಡಬ್ಬಿ ಹಿಡಿದು ಒಳಗೆ ನಡೆದರು. ಗೋಡೆಯ ಬುಡದಿಂದ ಹಿಡಿದು, ಆಗ ಖಾಲಿಯಿದ್ದ ಚೀಲದ ಮೂಲೆಯವರೆಗೆ, ನೆಲದ ಪರಸಿಗಲ್ಲಿನ ಮೇಲೆ ಮೆಟ್ಟಿಲು ಬರೆದರು. ಹೂವಿಲ್ಲ, ಬಳ್ಳಿಯಿಲ್ಲ, ಅಡ್ಡಡ್ಡ ಗೆರೆಗಳಷ್ಟೇ. ಒಂದು ಗೆರೆಗೂ ಇನ್ನೊಂದು ಗೆರೆಗೂ ನಡುವೆ ನನ್ನ ಪಾದದ ಉದ್ದ, ಅದರ ಮುಂದೆ ತಮ್ಮ ನಾಲ್ಕು ಬೆರಳಿನ ಅಗಲ. ಗಂಟು ನನ್ನ ಕೈಗೆ ಬಂತು. ನಾನು ಗೆರೆ ನೋಡದೆ ನಡೆಯಬೇಕು. ಎಲ್ಲಿ ನನ್ನ ಬೆರಳಿಗೋ ಹಿಮ್ಮಡಿಗೋ ತಗಲಿ ರಂಗೋಲಿ ಅಳಿಸುತ್ತದೋ ಅಲ್ಲಿ ಹಾಸಿನ ಅಗಲ ಸಾಲದು ಎಂದು ಲೆಕ್ಕ. ಮತ್ತೆ ಒರೆಸಿ, ಮತ್ತೆ ಬರೆದು, ಮತ್ತೆ ನಡೆ. ಎತ್ತರಕ್ಕೆ ಹಿತ್ತಲಲ್ಲಿ ಬೇರೆ ಪರೀಕ್ಷೆ. ಊಟದ ಮಣೆಯ ಮೇಲೆ ಮಣೆ ಇಟ್ಟು ಹತ್ತಿಸಿ ಇಳಿಸಿ, ನನಗೆ ತೇಕು ಬರದ ಎತ್ತರಕ್ಕೆ ನಿಲ್ಲಿಸಿದರು. ಎಲ್ಲ ಮುಗಿದ ಮೇಲೆ ಗೆರೆಗಳನ್ನು ಚೊಕ್ಕವಾಗಿ ತಿದ್ದಿ, ಮೂಲೆಯಲ್ಲಿ ಚಿಟಿಕೆ ಅರಿಷಿಣ ಕುಂಕುಮ ಉದುರಿಸಿ, ಒಂದು ಸೇವಂತಿಗೆ ಇಟ್ಟು ಒಳಗೆ ಹೋದರು.

ಅದು ದಿನದ ಪೂಜೆಯಾಯಿತು. ಮಾವ ಬಂದು ನೋಡುವರು, ಮೀಸೆಯಡಿ ಏನೋ ಗೊಣಗುವರು. ಆದರೆ ಕುಂಕುಮ ಬಿದ್ದ ರಂಗೋಲಿಯನ್ನು ಕಾಲಿನಿಂದ ಒರೆಸುವ ಧೈರ್ಯ ಯಾವ ಗಂಡಸಿಗಿದೆ? ಕಸಬರಿಗೆ ಹಿಡಿಯೋಣವೆಂದರೆ ಅದನ್ನು ಅತ್ತೆ ಒಳಗೆ ಇಟ್ಟುಕೊಂಡಿದ್ದರು.

ಶಿರೋಳದ ಕಡೆಯಿಂದ ಕಡಲೆ ಚೀಲ ತುಂಬಿದ ಗಾಡಿ ಬಂದ ದಿನ ವಿಷಯ ಇತ್ಯರ್ಥವಾಯಿತು. ಹಮಾಲರು ಬೆನ್ನ ಮೇಲೆ ಚೀಲ ಹೊತ್ತು ನಿಂತು ಎಲ್ಲಿ ಇಳಿಸೋಣ ಎಂದು ಕೇಳಿದರು. ಮಾವ ಮೂಲೆ ತೋರಿಸಿದರು. ಎಲ್ಲರಿಗಿಂತ ಹಿರಿಯ ಹಮಾಲ ಅಲ್ಲಿಯವರೆಗೂ ಹೋಗಿ, ರಂಗೋಲಿ ನೋಡಿ, ಚೀಲದ ಸಮೇತ ಹಿಂದೆ ಸರಿದ.

“ಲಕ್ಷ್ಮಿ ಕುಂತ ಜಾಗಾರೀ ಸಾವ್ಕಾರ್ರ. ನನಗ ಮಕ್ಕಳು ಮರಿ ಅದಾವು, ನಾ ಒಲ್ಲೆ.”

ಉಳಿದವರೂ ಕದಲಲಿಲ್ಲ. ಮಾವ ಒಳಬಾಗಿಲ ಕಡೆ ನೋಡಿದರು. ಅತ್ತೆ ಹೊಸ್ತಿಲ ಬಳಿ ಕುಳಿತು ತಲೆ ಎತ್ತದೆ ಬೇಳೆ ಆರಿಸುತ್ತಿದ್ದರು. ಆ ಬೇಳೆಯಲ್ಲಿ ಒಂದು ಕಲ್ಲೂ ಇರಲಿಲ್ಲ. ಬೆಳಗ್ಗೆಯೇ ನಾನು ಆರಿಸಿಟ್ಟಿದ್ದೆ! ಕೊನೆಗೆ ಚೀಲಗಳು ಹೊರಗಿನ ಕಟ್ಟೆಗೆ ಹೋದವು. “ಆಕಿ ಬರದಂಗ ಕಟ್ಟಪಾ” ಎಂದು ಮಾವ ಗೌಂಡಿಗೆ ಹೇಳಿ ಕಳಿಸಿದರು.

ರಂಗೋಲಿಗೆ ಹೆದರಿ ಒಪ್ಪಿದರು ಎಂದು ನಾವೆಲ್ಲ ಮಾವನವರನ್ನು ಚೇಷ್ಟೆ ಮಾಡುತ್ತಿದ್ದೆವು. ಆದರೆ ಮರದ ಮೆಟ್ಟಿಲು ಕಿತ್ತ ದಿನ ನಾನೊಂದು ನೋಡಿದೆ. ಹಗ್ಗದ ತುಂಡನ್ನೂ ಎಸೆಯದ ಮನುಷ್ಯ ಅವರು. ಅದರ ಹಲಗೆಗಳೂ ಸಾಗವಾನಿಯವೇ, ಅವಕ್ಕೆ ಗಿರಾಕಿಗಳು ಬಾಗಿಲಿಗೇ ಬಂದಿದ್ದರು. ಮಾವ ಯಾರಿಗೂ ಕೊಡಲಿಲ್ಲ. ತಾವೇ ಕೊಡಲಿ ಹಿಡಿದು ಸೀಳಿ ಬಚ್ಚಲ ಒಲೆಗೆ ಹಾಕಿದರು. ಹೊಗೆಗೆ ಕಣ್ಣು ಒರೆಸಿಕೊಳ್ಳುತ್ತ ಅಲ್ಲೇ ಕುಳಿತಿದ್ದರು... ಅತ್ತೆ ಬಂದು ಪಕ್ಕದಲ್ಲಿ ಕುಳಿತರು.

ಕಲ್ಲು ಆರಿಸಲು ಮತ್ತೆ ಗಜೇಂದ್ರಗಡ. ಅತ್ತೆ ನುಣುಪು ಕಲ್ಲಿನ ಹತ್ತಿರವೂ ಹೋಗಲಿಲ್ಲ. ಕೊಡದಲ್ಲಿ ನೀರು ತರಿಸಿ ಕಲ್ಲಿನ ಮೇಲೆ ಸುರಿದು, ಹಸಿಗಾಲಿನಲ್ಲಿ ನನ್ನನ್ನು ನಿಲ್ಲಿಸಿ, ಬೀಸುಕಲ್ಲಿಗೆ ಹೊಡೆಯುವಂತೆ ಮೇಲೆ ಉಳಿಯಿಂದ ಸಣ್ಣಗೆ ಟಾಕಿ ಹೊಡೆದು ಒರಟು ಮಾಡಿದ ಕೆಂಪು ಕಲ್ಲನ್ನೇ ಒಪ್ಪಿದರು. ಮುಂದಿನ ಅಂಚನ್ನು ಗುಂಡಗೆ ಮಾಡಿಸಿದರು, ಬಿದ್ದರೂ ಕೂಸಿನ ಹಣೆಗೆ ತಗಲಬಾರದೆಂದು. ಬಸುರಿಗೆ ಮಾಡುವ ಕುಬ್ಬಸದ ಶಾಸ್ತ್ರ ಮುಗಿಸಿ ನಾನು ತವರಿಗೆ ಹೋದೆ. ಮಗನನ್ನು ಎತ್ತಿಕೊಂಡು ಜಕ್ಕಲಿಯಿಂದ ಮರಳಿದಾಗ ಮೆಟ್ಟಿಲು ಸಿದ್ಧವಾಗಿತ್ತು. ಹತ್ತಿದೆ, ಇಳಿದೆ, ಒಮ್ಮೆಯೂ ಕೆಳಗೆ ನೋಡಲಿಲ್ಲ. ಮೆಟ್ಟಿಲಿದೆ ಎಂಬುದೇ ಮರೆತುಹೋಗುವಷ್ಟು ಸಲೀಸು. ಅತ್ತೆ ಕೆಳಗೇ ನಿಂತಿದ್ದರು. ಅವರೂ ಒಮ್ಮೆ ಹತ್ತಿ ನೋಡಲಿ ಎಂದು ಎಲ್ಲರೂ ಹೇಳಿದರು. “ಮಾಡಿಸಿದ್ದು ನನಗಲ್ಲ” ಎಂದು ಅಡಿಗೆಮನೆಗೆ ಹೋಗಿಬಿಟ್ಟರು.

ಮಗನಿಗೆ ಇನ್ನೂ ಹಲ್ಲು ಬಂದಿರಲಿಲ್ಲ, ಆಗ ಒಮ್ಮೆ ನನಗೆ ಚಳಿಜ್ವರ ಬಂತು. ಗಂಡ ಹುಬ್ಬಳ್ಳಿಗೆ ಹೋಗಿದ್ದರು, ಮಾವ ಸಂತೆಗೆ. ನಾನು ಮೇಲಿನ ಕೋಣೆಯಲ್ಲಿ ಕೌದಿ ಹೊದ್ದು ನಡುಗುತ್ತ ಮಲಗಿದ್ದೆ. ಕೂಸು ಕೆಳಗೆ ಅತ್ತೆಯ ಹತ್ತಿರ. ಮಧ್ಯಾಹ್ನ ಅದು ಅಳುವುದು ಕೇಳುತ್ತಿತ್ತು. ಏಳಲು ಕೈಯಲ್ಲಾಗಲಿಲ್ಲ. ಅಳು ಸ್ವಲ್ಪ ಸ್ವಲ್ಪವೇ ಹತ್ತಿರ ಬಂದಂತೆ ಅನಿಸಿತು. ಜ್ವರದ ಭ್ರಮೆಯೆಂದುಕೊಂಡೆ. ಕಣ್ಣು ತೆರೆದರೆ ಬಾಗಿಲಲ್ಲಿ ಅತ್ತೆ. ಮುಖವೆಲ್ಲ ಬೆವರು, ತುಟಿ ಬಿಳಿಚಿತ್ತು. ಎರಡೂ ಕೈಯಿಂದ ಮಗನನ್ನು ಎದೆಗೆ ಅಪ್ಪಿ ಹಿಡಿದಿದ್ದರು.

“ಹಸದೈತಿ. ಕುಂತಕೊಂತ ಕುಂತಕೊಂತ ಬಂದ್ನಿ” ಎಂದರು.

ನನಗೆಂದು ಅಷ್ಟು ಅಗಲ ಮಾಡಿಸಿದ ಹಾಸಿನ ಮೇಲೆ ಅವರು ಒಂದೊಂದರಲ್ಲೂ ಕುಳಿತು, ಕೂಸನ್ನು ಬಿಡದೆ, ಮುಂದಿನದಕ್ಕೆ ಜರುಗಿ ಬಂದಿದ್ದರು. ಮಗನನ್ನು ನನ್ನ ಮಗ್ಗುಲಿಗೆ ಮಲಗಿಸಿ ಕೋಣೆಯನ್ನು ಸುತ್ತ ನೋಡಿದರು. ಅದು ಅವರು ಮದುವೆಯಾಗಿ ಬಂದಾಗ ಇದ್ದ ಕೋಣೆಯೂ ಹೌದು. ನನ್ನ ಗಂಡ ಎತ್ತಿಕೊಳ್ಳುವ ಕೂಸಾಗಿದ್ದಾಗಿನಿಂದ ಅವರು ಅದನ್ನು ಕಂಡಿರಲಿಲ್ಲ. ಕಿಡಕಿಯ ಹತ್ತಿರ ಹೋಗಿ ಬಹಳ ಹೊತ್ತು ನಿಂತರು.

“ಇಲ್ಲಿಂದ ಗುಡ್ಡ ಕಾಣತೈತಲ್ಲ... ಮರತ ಬಿಟ್ಟಿದ್ನಿ ನೋಡು.”

ಮೇಲೆ ಬಂದವರು ಅಂದು ಸಂಜೆಯವರೆಗೆ ಇಳಿಯಲಿಲ್ಲ. ಮುಂದೆ ಹಲವು ವರ್ಷ ಸಂಜೆಗೆ ಅದೇ ಕಿಡಕಿ ಅವರ ಜಾಗವಾಯಿತು. ನನ್ನ ಕೋಣೆಯಲ್ಲಿ ನನಗೇ ಜಾಗವಿಲ್ಲದಂತಾಯಿತೆಂದು ಗಂಡನ ಹತ್ತಿರ ದೂರುತ್ತಿದ್ದೆ. ಈಗ ಆ ಕಿಡಕಿಯಲ್ಲಿ ಅವರ ಬೆನ್ನು ಕಾಣಲೆಂದು ಜೀವ ಹಂಬಲಿಸುತ್ತದೆ. ಮಾವ ಹೋದರು, ಆಮೇಲೆ ಅತ್ತೆ, ಮೊನ್ನೆ ಮೊನ್ನೆ ನನ್ನ ಗಂಡನೂ. ನರಗುಂದದ ಆ ಮನೆಯನ್ನು ಬೇರೆಯವರು ಕೊಂಡು ಕೆಡವಿ ಮಳಿಗೆ ಕಟ್ಟಿದ್ದಾರೆ. ಆ ದಾರಿಯಲ್ಲಿ ಬಸ್ಸು ಹೋಗುವಾಗ ನಾನು ಆ ಕಡೆ ನೋಡುವುದಿಲ್ಲ.

“ಎಷ್ಟು ಕೊಯ್ಯೂಣ್ರಿ ಅವ್ವಾರ?” ಅಂಗಡಿಯಾತ ಪೆನ್ಸಿಲ್ ಹಿಡಿದು ಕಾಯುತ್ತಿದ್ದ. ಹೊಳಪಿನದು ಬೇಡ, ಒರಟು ಮೈಯದು ತೋರಿಸು ಎಂದೆ. ಅಳತೆಗೆ ಸೊಸೆಯನ್ನೇ ಕರೆತರುತ್ತೇನೆ ಎಂದೆ. ಅವಳು ನಗುತ್ತಾಳೆ, ಆದರೂ ಬರುತ್ತಾಳೆ.

ರೋಣದ ಬಸ್ಸಿನಲ್ಲಿ ಕುಳಿತ ಮೇಲೆ ಅನಿಸಿತು, ಊರೂರು ಸುತ್ತಿ ನನ್ನ ಕಾಲನ್ನು ಅಷ್ಟು ನೋಡಿದ ಅತ್ತೆಯ ಕಾಲು ಹೇಗಿದ್ದವು? ಮನೆಯಲ್ಲಿರುವ ಫೋಟೋದಲ್ಲಿ ಅವರು ಎದೆಯವರೆಗೆ ಮಾತ್ರ ಇದ್ದಾರೆ. ಕೊನೆಯ ದಿನ ಆ ಪಾದಗಳಿಗೆ ನಾನೇ ನೀರು ಹಾಕಿದೆ. ಎರಡನ್ನೂ ಅಂಗೈಯಲ್ಲಿ ಹಿಡಿದುಕೊಂಡಿದ್ದೆ. ಉದ್ದವಿದ್ದವೋ, ಗಿಡ್ಡವಿದ್ದವೋ, ಬೆರಳು ಹೇಗಿದ್ದವೋ... ಎಷ್ಟು ನೆನಪಿಸಿಕೊಂಡರೂ ತಣ್ಣಗಿದ್ದವು ಎಂಬುದೊಂದೇ ನೆನಪಿಗೆ ಬರುತ್ತದೆ.